ಹಡಗು ಸಿಕ್ಕಿಕೊಂಡ ದಿನ

ಧ್ರುವದ ಮಂಜುಗಡ್ಡೆಯೆಲ್ಲ ಕರಗಿಹೋದ ಮೇಲೆ ನಮ್ಮ ಹಡಗಿನ ಕೆಲಸ ಮಂಜು ಒಡೆಯುವುದಲ್ಲ, ಬಿತ್ತುವುದು. ಐದು ವರ್ಷದಿಂದ ಮಂಜಿನ ಬೀಜದ ಪುಡಿಯನ್ನು ಸಮುದ್ರಕ್ಕೆ ಸುರಿಯುತ್ತಿದ್ದೇವೆ. ಮಂಜು ಹಾಲಿನ ಕೆನೆಯಷ್ಟು ತೆಳ್ಳಗೆ ಕಟ್ಟುತ್ತದೆ, ಚೂರಾಗುತ್ತದೆ. ಈ ಸಲವೂ ಹಿಡಿಯದಿದ್ದರೆ ಹಡಗು ಗುಜರಿಗೆ.

ನಾನು ಎಂಜಿನ್ ಕೋಣೆಯ ಎಣ್ಣೆಗೈಯಲ್ಲೇ ಸಭೆಗೆ ನುಗ್ಗಿದೆ.

"ಹೆಪ್ಪ ಹಾಕಿ ಗಡಿಗಿ ಅಲ್ಲಾಡಿಸಿದ್ರ ಮೊಸರ ಆಗ್ತದೇನ್ರಿ ಮೇಡಮ್ಮಾರ? ಬಿತ್ತೋರೂ ನಾವ, ಹಡಗಿನ ತಳದ ಫ್ಯಾನ್ ತಿರುಗಿಸಿ ನೀರ ಕಲಕೋರೂ ನಾವ. ಎಂಜಿನ್ ಬಂದ್ ಮಾಡ್ರಿ."

ವಿಜ್ಞಾನಿ ವಾರಿಜಾ ಮೇಡಂ ಕನ್ನಡಕ ತೆಗೆದರು. "ಎಂಜಿನ್ ನಿಂತ್ರೆ ಹೀಟರೂ ನಿಲ್ಲುತ್ತೆ ಭರಮಪ್ಪ. ಚಳಿಗೆ ಸತ್ತೇ ಹೋಗ್ತೀವಿ."

"ಏಳನೇತ್ತಕ್ಕ ಸಾಲಿ ಬಿಟ್ಟವನ ಮಾತ ಯಾಕ ಕೇಳಬೇಕು ಅಂದ್ರ ಬಿಡ್ರಿ, ಗುಜರಿಗೆ ಹೋಗೂಣು."

ಕ್ಯಾಪ್ಟನ್ ಪೊನ್ನಪ್ಪ ನಕ್ಕರು. "ಬೈಯೋದು ಬೈತಾನೆ, ಹೇಳೋದು ಸರಿ ಇದೆ. ನಿಲ್ಸಿ."

ಎರಡು ದಿನ ಇಪ್ಪತ್ತೆರಡು ಜನ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ಇದ್ದಬದ್ದ ಕಂಬಳಿಗಳನ್ನೆಲ್ಲ ಒಟ್ಟಿಗೆ ಹೊದ್ದೆವು. ಗೋಡೆಯ ಕಡೆ ಕೂತವರನ್ನು ಗಂಟೆಗೊಮ್ಮೆ ಒಲೆಯ ಪಕ್ಕಕ್ಕೆ ಕರೆದುಕೊಂಡೆವು. ಮೇಡಂ ನನ್ನ ಹೆಗಲಿಗೆ ಒರಗಿಯೇ ತೂಕಡಿಸಿದರು.

ಮೂರನೆಯ ದಿನ ಮಧ್ಯಾಹ್ನ ಕ್ಯಾಪ್ಟನ್ ಎಂಜಿನ್ ಹಚ್ಚಿಸಿದರು. ಅದು ಗುಡುಗಿತು. ಹಡಗು ಮಾತ್ರ ಒಂದು ಗೇಣೂ ಕದಲಲಿಲ್ಲ.

"ಸಿಕ್ಕೊಂಡ್ವಿ," ಎಂದರು ಕ್ಯಾಪ್ಟನ್. ಅವರ ಕಣ್ಣು ತುಂಬಿತ್ತು.

ಏಣಿ ಇಳಿಬಿಟ್ಟರು. ಮೇಡಂ ಪಕ್ಕಕ್ಕೆ ಸರಿದರು. "ಮೊದಲು ನೀವು ಇಳೀರಿ, ಭರಮಪ್ಪನವರೇ."

ನಾನು ಸಮುದ್ರದ ಮೇಲೆ ಇಳಿದೆ. ಐದು ವರ್ಷದ ಸಿಟ್ಟನ್ನೆಲ್ಲ ಹಾಕಿ ಒದ್ದೆ. ಮಂಜುಗಡ್ಡೆ ಒಂದು ಗೆರೆಯಷ್ಟೂ ಬಿರುಕು ಬಿಡಲಿಲ್ಲ.