ಅಡುಗೆಮನೆಯ ಮೂಲೆ

ಅಳತೆಯ ದಾರ ಎಳೆಯುತ್ತ ಗುಡ್ಡ ಹತ್ತಿದ ಮೇಸ್ತ್ರಿ ಎಲಿಯೇಸರ್ ಒತೀಲಿಯಾಳ ಅಡುಗೆಮನೆಯ ಮೂಲೆಗೆ ಬಂದು ನಿಂತ. ಮೆದೆಯಿನ್ ನಗರಪಾಲಿಕೆ ಸಿಮೆಂಟು ಕೊಟ್ಟಿತ್ತು. ಮೆಟ್ಟಿಲು ಕಟ್ಟುವ ಕೆಲಸ ಓಣಿಯವರದು. ಅದು ನೇರ ಹೋಗಬೇಕೆಂದರೆ ಈ ಅಡುಗೆಮನೆಯ ಗೋಡೆ ಒಡೆಯಬೇಕು. ಅವನು ಮೂಲೆಗೊಂದು ಮೊಳೆ ಹೊಡೆದು ದಾರವನ್ನು ತಿರುಗಿಸಿದ.

“ನಿಮ್ಮ ಗೋಡೆ ಮುಟ್ಟಲ್ಲ ಅಜ್ಜಿ, ಬೈಬೇಡಿ. ಮೆಟ್ಟಿಲೇ ಸುತ್ತಿ ಹೋಗತ್ತೆ.”

ಕೆಲಸಕ್ಕೆ ಬಂದವರಿಗೆಲ್ಲ ಬಾಳೆಕಾಯಿ ಸಾರು ಕುದಿಸುತ್ತಿದ್ದ ಒತೀಲಿಯಾ ಆ ತಿರುವನ್ನೇ ನೋಡಿದಳು. ಹೋದ ವರ್ಷ ಮೇಲಿನ ಮನೆಯ ಫೆರ್ಮೀನನನ್ನು ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಇಳಿಸುವಾಗ ಕುರ್ಚಿ ಇದೇ ಮೂಲೆ ಸುತ್ತುವ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಅವನು ಬದುಕಲಿಲ್ಲ.

ಅವಳು ಬಂದು ಮೊಳೆ ಕಿತ್ತಳು. “ನೇರ ಕಟ್ಟು.”

“ಅಡುಗೆ ಎಲ್ಲಿ ಮಾಡ್ತೀರಿ?”

“ನಿನ್ ಮನೇಲಿ. ನಿನ್ ಹೆಂಡ್ತೀನೂ ಸಾರಿಗೆ ಉಪ್ಪು ಹಾಕೋದು ಕಲೀಲಿ,” ಎನ್ನುತ್ತ ಒಳಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತಂದಿಡತೊಡಗಿದಳು.