ಶಾಸನದ ಕಲ್ಲಿಗೆ ಅಜ್ಜಿಯ ಎಣ್ಣೆ

ಗಾಣದ ಅಂಗಡಿಯ ಮುಂದೆ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅಣ್ಣಿಗೇರಿಯ ಹಳೆಯ ಗುಡಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಗುಡಿಯ ಅಂಗಳದಲ್ಲಿ ಆಳೆತ್ತರದ ಶಾಸನದ ಕಲ್ಲೊಂದಿತ್ತು. ಪ್ರತಿ ಸೋಮವಾರ ಅಜ್ಜಿ ಅದರ ಮೇಲೆ ಎಣ್ಣೆ ಸುರಿದು, ಕೂಸಿನ ಮೈ ತಿಕ್ಕಿದಂತೆ ತಿಕ್ಕುತ್ತಿದ್ದಳು. ಕಲ್ಲು ಎಮ್ಮೆಯ ಬೆನ್ನಿನಂತೆ ಕಪ್ಪಗೆ ಮಿಂಚುತ್ತಿತ್ತು.

ಆ ಸೋಮವಾರ ನಾವು ಹೋದಾಗ, ಶಾಸನ ಓದಲೆಂದು ಧಾರವಾಡದಿಂದ ಬಂದಿದ್ದ ಮಾಸ್ತರೊಬ್ಬರು ಬ್ರಷ್ಷು, ಸಾಬೂನು ಹಿಡಿದು ಜಿಡ್ಡು ತೆಗೆದು ತೆಗೆದು ಸುಸ್ತಾಗಿದ್ದರು. ಅಜ್ಜಿಯ ಕೈಯಲ್ಲಿ ಎಣ್ಣೆ ಬಾಟಲಿ ಕಂಡದ್ದೇ ತಡ, ಅವರ ಸಿಟ್ಟು ನೆತ್ತಿಗೇರಿತು.

“ನೀವ ಏನ್ರಿ ಎಣ್ಣಿ ಹಾಕಾವ್ರು? ಅಕ್ಷರ ಎಲ್ಲಾ ಮುಚ್ಚಿ ಹೋಗ್ಯಾವಲ್ರಿ!”

ಅಜ್ಜಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹಿಂದೆ ಸರಿದಳು. ಊರಿಗೆ ಊರೇ ಹೆದರುತ್ತಿದ್ದ ಅಜ್ಜಿ ತಾನೇ ಹೆದರಿದ್ದನ್ನು ನಾನು ನೋಡಿದ್ದು ಅಂದೇ. ನನಗೆ ರೋಷ ಬಂತು.

“ಅಂಥಾದ್ದೇನ್ ಬರದಾರ್ರಿ ಅದರಾಗ?” ಎಂದೆ.

ಮಾಸ್ತರು ತೊಳೆದ ಸಾಲುಗಳ ಮೇಲೆ ಬೆರಳಾಡಿಸುತ್ತ, ತಡೆ ತಡೆದು ಓದಿ ಹೇಳಿದರು. “ಈ ಊರಾಗಿನ ಮನಿ ಮನಿಯವ್ರು... ಈ ದೇವರಿಗೆ... ತಪ್ಪದಂಗ ಎಣ್ಣಿ ಕೊಡಬೇಕು ಅಂತ...”

ಅವರ ಬೆರಳು ಅಲ್ಲೇ ನಿಂತಿತು.

ಅಜ್ಜಿ ನನ್ನ ಬೆನ್ನ ಹಿಂದಿನಿಂದ ಈಚೆ ಬಂದು ಬಾಟಲಿಯನ್ನು ಎತ್ತಿ ತೋರಿಸಿದಳು.

“ಮತ್ತ ಇಷ್ಟ್ ವರ್ಷ ನಾ ಹಾಕಿದ್ದು ನೀರೇನ್ರಿ?”