ಅಡಿಟಿಪ್ಪಣಿಯ ಜಗಳ

"ಸರ, ಕೊಡ ತುಂಬ್ತೋ, ಉಕ್ಕಿತೋ, ಒಡೀತೋ?" ಹಾಡನ್ನು ಓದಿ ಹೇಳುತ್ತಿದ್ದ ಫೋನನ್ನು ಉಮಾಶ್ರೀ ಕಿವಿಯಿಂದ ಇಳಿಸಿ ನಕ್ಕಳು. "ಒಂದ ಉಸಿರಿನಾಗ ಮೂರೂ ಆತಲ್ರೀ!"

ತಿರುಮಲೇಶ ಮೇಷ್ಟ್ರಿಗೆ ನಗು ಬರಲಿಲ್ಲ. ಮೂರು ಓಲೆಪ್ರತಿಗಳನ್ನು ನಲವತ್ತು ವರ್ಷ ಹೋಲಿಸಿ ಸಿದ್ಧಮಾಡಿದ ಹಾಡುಗಳು ಬರುವ ಭಾನುವಾರ ವೆಬ್‌ಸೈಟಾಗಿ ಹೊರಬರಬೇಕಿತ್ತು. ಕಣ್ಣಿಲ್ಲದವರಿಗೂ ಓದಲು ಬರುತ್ತದೋ ನೋಡೋಣವೆಂದು, ಬಿಟಿಎಂ ಬಡಾವಣೆಯಲ್ಲಿ ಕೆಲಸಕ್ಕಿರುವ, ಕಣ್ಣು ಕಾಣದ ಈ ಹುಡುಗಿಯನ್ನು ಜಯನಗರದ ಮನೆಗೆ ಕರೆಸಿದ್ದರು. ಭೇಷ್ ಎಂದು ಹೇಳಿ ಹೋಗುತ್ತಾಳೆ ಎಂದೇ ಅವರು ನಂಬಿದ್ದರು.

"ಹಾಗಲ್ಲಮ್ಮ. ಕಪ್ಪಗಿರೋದು ನಾನು ಒಪ್ಪಿದ ಸಾಲು. ಬೇರೆ ಪ್ರತಿಗಳ ಪಾಠಾಂತರ ಕೆಂಪು, ಹಸಿರು. ನೋಡಿದ್ರೆ..." ಎಂದವರು ನಾಲಗೆ ಕಚ್ಚಿಕೊಂಡರು.

"ಬಣ್ಣ ನನ್ನ ಫೋನಿಗೆ ತಿಳಿಯಂಗಿಲ್ರಿ."

"ಸರಿ, ಒಪ್ಪಿದ ಸಾಲು ಮಾತ್ರ ಓದೋ ಹಾಗೆ ಮಾಡ್ತೀನಿ. ಪಾಠಾಂತರ ತಗೊಂಡು ಏನ್ ಮಾಡ್ತೀಯಾ?"

"ಬ್ಯಾಡ್ರಿ! ಕಾಲೇಜಿನಾಗ ನನಗ ಓದಿ ಹೇಳೋರೆಲ್ಲ ಅಡಿಟಿಪ್ಪಣಿ ಜಿಗದು ಹೋಗ್ತಿದ್ರು. ಕೆಳಗ ಏನೈತಿ ಅಂದ್ರ 'ಏನಿಲ್ಲ ಬಿಡು' ಅಂತಿದ್ರು. ನನಗ ಅದ ಬೇಕ್ರಿ."

ಮೇಷ್ಟ್ರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಅವರ ನಲವತ್ತು ವರ್ಷದ ಬೆವರೆಲ್ಲ ಇದ್ದದ್ದು ಆ ಅಡಿಟಿಪ್ಪಣಿಗಳಲ್ಲೇ. ಎರಡೂ ಕಣ್ಣು ಚೆನ್ನಾಗಿದ್ದ ಪಂಡಿತೋತ್ತಮರು ಕೂಡ ಅವನ್ನು ಓದಿರಲಿಲ್ಲ.

ಹೆಂಡತಿ ಚೂಡಾಮಣಿ ಎಷ್ಟು ಗದರಿದರೂ ಕೇಳದೆ ಮೂರು ದಿನ ಕಂಪ್ಯೂಟರಿಗೆ ಅಂಟಿಕೊಂಡರು. ಬಣ್ಣವಿದ್ದ ಕಡೆಯೆಲ್ಲ 'ಖ ಪ್ರತಿಯಲ್ಲಿ', 'ಗ ಪ್ರತಿಯಲ್ಲಿ' ಎಂದು ಅಕ್ಷರದಲ್ಲೇ ಬರೆದರು. ಶನಿವಾರ ಉಮಾಶ್ರೀ ಮತ್ತೆ ಬಂದಳು. ಫೋನು ಓದುತ್ತ ಹೋಯಿತು, ಅವಳು ತಲೆಯಾಡಿಸುತ್ತ ಕೇಳಿದಳು. ಇಪ್ಪತ್ತನೇ ಹಾಡಿಗೆ ಬಂದಾಗ ಗಕ್ಕನೆ ನಿಲ್ಲಿಸಿದಳು.

"ಇಲ್ಲಿ ನೀವು ತಪ್ಪೀರಿ ಸರ. ಮ್ಯಾಲ 'ಬಾಗಿಲ ತೆರೆದಳು ತಾಯಿ' ಅಂತ ಇಟ್ಟೀರಿ. ಖ ಪ್ರತಿಯಾಗ 'ಬಾಗಿಲ ಮುಚ್ಚಲೆ ಇಲ್ಲ ತಾಯಿ' ಅಂತೈತಿ. ಅದನ್ನ ಕೆಳಗ ತಳ್ಳೀರಿ."

"ಕ ಪ್ರತೀನೇ ಹಳೇದು ಕಣಮ್ಮ, ಅದಕ್ಕೆ!"

"ಹಳೇದಿದ್ರ ಏನಾತ್ರಿ? ತೆರೀಬೇಕಂದ್ರ ಮೊದಲ ಮುಚ್ಚಿರಬೇಕು. ತಾಯಿ ಯಾಕ ಮುಚ್ತಾಳ್ರಿ?"

ದನಿ ಏರಿದ್ದು ಕೇಳಿ ಚೂಡಾಮಣಿ ಅಡುಗೆಮನೆಯಿಂದ ಓಡಿಬಂದರು. "ಏನ್ರೀ ಇದು, ಮನೆಗೆ ಬಂದ ಹುಡುಗಿ ಹತ್ರ ಜಗಳ?"

ತಿರುಮಲೇಶರಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

"ಆಡ್ಲಿ ಬಿಡೇ! ಈ ಜಗಳಕ್ಕೆ ನಲವತ್ತು ವರ್ಷ ಕಾದಿದ್ದೀನಿ."